ಸೆಲ್ವಿಯ ಕೈಯಲ್ಲಿ ದೇಶದ ಮೈಕು

ಪ್ಲಾಟ್‌ಫಾರ್ಮು

ಆ ಪುಟ್ಟ ಸ್ಟೇಷನ್ನಿನಲ್ಲಿ ಆಗ ಇದ್ದದ್ದು ನಾವು ಮೂರೇ ಜನ. ಸೂಟ್‌ಕೇಸಿನ ಜೊತೆ ಗುದ್ದಾಡುತ್ತ ರೈಲಿನಿಂದ ಇಳಿದ ನಾನು, ನನ್ನನ್ನು ಕರೆದೊಯ್ಯಲು ಬಂದ ಬಾಲ್ಯದ ಗೆಳತಿ ಸೆಲ್ವಿ, ಮತ್ತು ಅವಳ ಹಿಂದೆ ಕಾರಿನ ಕೀಲಿಕೈ ಹಿಡಿದು ನಿಂತಿದ್ದ, ಅವಳ ಕೆಳಗಿನ ಮನೆಯ ಬಿರ್ಗಿಟ್ಟಾ ಎಂಬ ಎತ್ತರದ ಹಿರಿಯಾಕೆ. ರೈಲು ಹೊರಟುಹೋಯಿತು. ಸ್ವೀಡನ್ ದೇಶದ ಉತ್ತರದ ಕಡೆಯ ಊರು ಅದು. ಸುತ್ತ ಪೈನ್ ಮರಗಳ ಕಾಡು, ಎದುರಿಗೆ ಅಗಲವಾದ ಒಂದು ಹೊಳೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಮೂಟೆಯಂತಾಗಿದ್ದ ನಾನು ಮಫ್ಲರ್ ಸರಿಸಿ ಮೂಗಿನ ತುಂಬ ಗಾಳಿ ಎಳೆದುಕೊಂಡೆ.

ಎಳೆದುಕೊಂಡವಳು ಅಲ್ಲೇ ನಿಂತುಬಿಟ್ಟೆ.

ಕೊಳೆತ ಎಲೆಕೋಸು, ಕೆಟ್ಟ ಮೊಟ್ಟೆ, ಹಸಿ ಮರದ ಚಕ್ಕೆ, ಇವನ್ನೆಲ್ಲ ಒಂದೇ ಹಂಡೆಗೆ ಹಾಕಿ ಕುದಿಸಿದರೆ ಹೇಗೋ ಹಾಗೆ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಕತ್ತೆತ್ತಿ ಇನ್ನೊಂದು ಸಲ ಎಳೆದುಕೊಂಡೆ.

"ಅಯ್ಯೋ ಸೆಲ್ವಿ, ನಮ್ಮ ಕಾಗದನಗರ ಕಣೇ!" ಎಂದೆ. ಅಂದದ್ದೇ ತಡ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಹೇಳಿದ್ನಲ್ಲ, ಬಂದ್ರೆ ಗೊತ್ತಾಗತ್ತೆ ಅಂತ." ಸೆಲ್ವಿ ನಗುತ್ತ ಫೋನನ್ನು ನನ್ನ ಮುಖಕ್ಕೇ ಹಿಡಿದಿದ್ದಳು. "ಇನ್ನೊಂದ್ಸಲ ಮೂಸು ಮಾರಾಯ್ತಿ, ವಿಡಿಯೋ ಮಾಡ್ತಿದೀನಿ."

ಮೂಸಿದೆ. ಆ ವಾರ ಆ ಫೋನಿನೊಳಗೆ ಒಂದು ಇಡೀ ದೇಶ ಕೂತಿತ್ತು ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಭದ್ರಾವತಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸೇ ಕಾಗದನಗರ. ಅಲ್ಲಿ ಸೆಲ್ವಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳಪ್ಪ ಆರುಮುಗಂ ಮಾಮ ತಮಿಳುನಾಡಿನಿಂದ ಕೆಲಸಕ್ಕೆ ಬಂದವರು, ನಮ್ಮಪ್ಪ ಹೊಳಲೂರಿನಿಂದ. ಇಬ್ಬರದೂ ಒಂದೇ ಶಿಫ್ಟು. ಗಾಳಿ ನಮ್ಮ ಕಡೆ ತಿರುಗಿತೆಂದರೆ ಕಾರ್ಖಾನೆಯ ವಾಸನೆ ಮನೆಯೊಳಗೇ ಬಂದು ಕೂರುತ್ತಿತ್ತು. ನನ್ನನ್ನು ನೋಡಲು ಶಿವಮೊಗ್ಗದಿಂದ ಗಂಡಿನವರು ಬಂದ ದಿನವೂ ಹಾಗೇ ಆಯಿತು. ನಮ್ಮತ್ತೆ ಸೆರಗಿನ ತುದಿಯನ್ನು ಮೂಗಿನಿಂದ ತೆಗೆಯದೆಯೇ ಉಪ್ಪಿಟ್ಟು ತಿಂದು ಮುಗಿಸಿದರು. ಅದು ಹೇಗೆ ಸಾಧ್ಯವಾಯಿತೋ ಇವತ್ತಿಗೂ ನನಗೆ ತಿಳಿಯದು. ಮದುವೆಯಾಗಿ ನಾನು ಶಿವಮೊಗ್ಗದ ದುರ್ಗಿಗುಡಿ ಸೇರಿದೆ. ಸೆಲ್ವಿ ನರ್ಸಿಂಗ್ ಓದಿ, ಎಲ್ಲೆಲ್ಲೋ ಸುತ್ತಿ, ಕೊನೆಗೆ ಸ್ವೀಡನ್ನಿನ ಈ ಊರಿನ ಆಸ್ಪತ್ರೆ ಸೇರಿ ಅಲ್ಲಿಯ ಪ್ರಜೆಯೇ ಆದಳು. ದೊಡ್ಡ ಊರುಗಳನ್ನು ಬಿಟ್ಟು ಈ ಮೂಲೆ ಯಾಕೆ ಹಿಡಿದಳೋ ಎಂದು ನಾವೆಲ್ಲ ಆಡಿಕೊಂಡಿದ್ದೆವು. ಆ ಊರಿನಲ್ಲೂ ಒಂದು ಕಾಗದದ ಕಾರ್ಖಾನೆ ಇದೆ ಎಂಬ ಉತ್ತರ ನನಗೆ ಮೂಗಿನಲ್ಲೇ ಸಿಕ್ಕಿತು.

ಇನ್ನು ಫೋನಿನ ಮಾತು. ಆಗ ಆ ದೇಶದಲ್ಲಿ ಒಂದು ಏರ್ಪಾಡಿತ್ತು. ಸೋಶಿಯಲ್ ಮೀಡಿಯಾದಲ್ಲಿ ದೇಶದ ಹೆಸರಿನಲ್ಲೇ ಇರುವ ಅಧಿಕೃತ ಖಾತೆಯನ್ನು ವಾರಕ್ಕೊಬ್ಬ ಪ್ರಜೆಯ ಕೈಗೆ ಕೊಟ್ಟುಬಿಡುವುದು. ಮಂತ್ರಿಗಲ್ಲ, ಅಧಿಕಾರಿಗಲ್ಲ. ಒಂದು ವಾರ ಹಸು ಸಾಕುವವನು, ಮುಂದಿನ ವಾರ ಮೇಷ್ಟ್ರು, ಅದರ ಮುಂದಿನ ವಾರ ಇನ್ಯಾರೋ. ಬೆಳಿಗ್ಗೆ ತಿಂದದ್ದು, ಗಂಡನ ಜೊತೆ ಜಗಳವಾಡಿದ್ದು, ಬೆಕ್ಕು ಮರಿ ಹಾಕಿದ್ದು, ಏನು ಬೇಕಾದರೂ ಬರೆಯಬಹುದು. ಬರೆಯುವ ಮೊದಲು ಯಾರಿಗೂ ತೋರಿಸಬೇಕಾಗಿಲ್ಲ. ಲೋಕ ಮಾತ್ರ ಅದನ್ನು ಸ್ವೀಡನ್ನಿನ ಮಾತು ಎಂದೇ ಓದುತ್ತದೆ. ಆಸ್ಪತ್ರೆಯಲ್ಲಿ ಯಾರೋ ಸೆಲ್ವಿಯ ಹೆಸರು ಸೂಚಿಸಿದ್ದರು. ಆ ವಾರ ಅವಳ ಸರದಿ. "ನನ್ನ ವಾರಕ್ಕೆ ನಮ್ಮೂರೋರು ಒಬ್ರಾದ್ರೂ ಇರ್ಬೇಕು" ಎಂದು ಹಠ ಹಿಡಿದು ನನ್ನನ್ನು ಕರೆಸಿಕೊಂಡಿದ್ದಳು.

ಹೊರಡುವ ಮುನ್ನ ನಮ್ಮ ಯಜಮಾನರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಚಹದ ಲೋಟ ಕೆಳಗಿಟ್ಟು ಅಂದಿದ್ದರು: "ಚಿಕ್ಕೋಳಿದ್ದಾಗ್ಲೇ ಇಡೀ ಲೈನಿನ ಸುದ್ದಿ ಮನೆಮನೆಗೆ ಮುಟ್ಟಿಸ್ತಿದ್ಲು ಅಂತ ನೀನೇ ಹೇಳ್ತಿದ್ಯಲ್ಲ. ಸರಿಯಾದೋಳನ್ನೇ ಹುಡುಕಿದಾರೆ ಬಿಡು."

ಬಟ್ಟೆ ಒಗೆಯುವ ಕೋಣೆ

ಪರದೇಶ ಎಂದರೆ ಎಲ್ಲವೂ ಬೇರೆಯಾಗಿರುತ್ತದೆ ಎಂದುಕೊಂಡು ಹೋದವಳಿಗೆ ಮೊದಲ ಸೋಜಿಗವೆಂದರೆ ಅವರೂ ಬಾಗಿಲಲ್ಲೇ ಚಪ್ಪಲಿ ಬಿಡುವುದು. ಎರಡನೆಯದು, ಅವರ ಕಾಫಿಯ ಜೊತೆಯ ಬನ್ನಿನಲ್ಲಿ ಏಲಕ್ಕಿ! ನಾವು ಪಾಯಸಕ್ಕೆ ಎರಡು ಕಾಳು ಹಾಕಿ ಡಬ್ಬಿ ಮುಚ್ಚಿಡುವವರು. ಅವರು ಕೈಬಿಚ್ಚಿ ಸುರಿಯುತ್ತಾರೆ. ಆದರೆ ಬಸ್ಸಿನಲ್ಲಿ ಮಾತ್ರ ಮೌನವ್ರತ. ಪಕ್ಕದಲ್ಲಿ ಕೂತಾಕೆಯನ್ನು ನಾನು ನೋಡಿ ನಕ್ಕರೆ ಆಕೆ ತನ್ನ ಮುಖಕ್ಕೆ ಏನಾದರೂ ಅಂಟಿದೆಯೇ ಎಂದು ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಷ್ಟರಲ್ಲಿ ನಾವು ಪಕ್ಕದವರ ಮಗಳ ಬಾಣಂತನದವರೆಗೆ ಮಾತಾಡಿ ಮುಗಿಸಿರುತ್ತೇವೆ.

ಅಪಘಾತ ಆದದ್ದು ಮಾರನೆಯ ಬೆಳಿಗ್ಗೆ. ಆ ಕಟ್ಟಡದ ಎಲ್ಲ ಮನೆಗಳಿಗೂ ಸೇರಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಒಂದೇ ಕೋಣೆ. ಸೆಲ್ವಿ ಡ್ಯೂಟಿಗೆ ಹೋಗಿದ್ದಳು. ಸುಮ್ಮನೆ ಕೂರುವುದೇಕೆಂದು ನಾನು ನನ್ನ ಸೀರೆಗಳನ್ನು ಹೊತ್ತು ಕೆಳಗಿಳಿದೆ. ಮಿಷನ್ನು ಖಾಲಿ ಇತ್ತು. ಹಾಕಿದೆ, ಗುಂಡಿ ಒತ್ತಿದೆ.

ಆಗ ಬಿರ್ಗಿಟ್ಟಾ ಬುಟ್ಟಿ ಹಿಡಿದು ಬಂದರು. ತಿರುಗುತ್ತಿದ್ದ ಮಿಷನ್ನನ್ನು ನೋಡಿದರು. ಗೋಡೆಯ ಮೇಲಿನ ಹಲಗೆ ನೋಡಿದರು. ಯಾವ ಮನೆಗೆ ಯಾವ ಹೊತ್ತು ಎಂದು ಗುರುತು ಮಾಡುವ ಹಲಗೆಯಂತೆ ಅದು, ಮತ್ತು ಆ ಹೊತ್ತು ಅವರದು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು, ನನ್ನ ಸೀರೆಗಳು ತಿರುಗುವುದನ್ನು ಕೊನೆಯವರೆಗೂ ನೋಡಿದರು. ನಾನು ಗೋಡೆಗೆ ಒರಗಿ ಬೆವತೆ.

ಮಿಷನ್ನು ನಿಂತ ಮೇಲೆ ಸೀರೆ ಎಳೆದರೆ, ಅದು ಬರುತ್ತಲೇ ಇದೆ! ಬಿರ್ಗಿಟ್ಟಾ ಎದ್ದು ಒಂದು ತುದಿ ಹಿಡಿದರು. ಹಿಂದೆ ಹಿಂದೆ ನಡೆದರು. ಬಾಗಿಲು ದಾಟಿದರು, ಕಾರಿಡಾರಿಗೆ ಹೋದರು, ಇನ್ನೂ ಸೀರೆ ಮುಗಿಯಲಿಲ್ಲ. ಅಲ್ಲಿಂದ ಅವರ ನಗು ಕೇಳಿಸಿತು. ಆಮೇಲೆ ಒಳಗೆ ಬಂದು, ಹಲಗೆಯ ಮೇಲೆ ಬೆರಳಿಟ್ಟು, ನನಗೆ ತಿಳಿಯುವಷ್ಟು ಇಂಗ್ಲಿಷಿನಲ್ಲಿ ಹೇಳಿದರು: ಇದು ಯಾರ ಹೊತ್ತೋ ಅವರದು. ರಾಜ ಬಂದರೂ ಕಾಯಬೇಕು.

ಬಾಲ್ಕನಿ

ಪ್ಲಾಟ್‌ಫಾರ್ಮಿನಲ್ಲಿ ನಾನು ಮೂಸಿದ ವಿಡಿಯೋವನ್ನು ಸೆಲ್ವಿ ಮೊದಲ ದಿನವೇ ದೇಶದ ಖಾತೆಗೆ ಹಾಕಿದ್ದಳು. ಜೊತೆಗೆ ಹೀಗೆ ಬರೆದಿದ್ದಳು: "ಭಾರತದ ಒಂದು ಕಾಗದದ ಊರಿನಿಂದ ನನ್ನ ಗೆಳತಿ ಬಂದಿದ್ದಾಳೆ. ನಮ್ಮ ದೇಶದಲ್ಲಿ ಅವಳಿಗೆ ಮೊದಲು ಗುರುತು ಸಿಕ್ಕಿದ್ದು ನಮ್ಮೂರಿನ ನಾತ. ನನಗೂ ಹಾಗೇ ಆಗಿತ್ತು. ಅದಕ್ಕೇ ಇಲ್ಲಿ ಉಳಿದೆ."

ಮೊದಮೊದಲು ಜನ ನಕ್ಕರು. ಆಮೇಲೆ ಗಾಳಿ ತಿರುಗಿತು. ದೇಶ ನಾರುತ್ತದೆ ಎಂದು ದೇಶದ ಬಾಯಿಂದಲೇ ಹೇಳಿಸಲು ಇವಳು ಯಾರು ಎಂದರು. ನಾತ ಹಿಡಿಸದಿದ್ದರೆ ಬಂದ ಕಡೆಗೇ ಹೋಗಲಿ ಎಂದರು. ಇವಳ ಕೈಯಿಂದ ಖಾತೆ ಕಿತ್ತುಕೊಳ್ಳಿ ಎಂದವರೂ ಇದ್ದರು. ಸೆಲ್ವಿ ಒಂದೊಂದನ್ನೂ ಓದಿ ನನಗೆ ಕನ್ನಡದಲ್ಲಿ ಹೇಳಿದಳು, ತರಕಾರಿಯ ರೇಟು ಹೇಳುವ ದನಿಯಲ್ಲಿ. ಅವಳ ದನಿ ಮುರಿದದ್ದು ಬೇರೆ ಮಾತಿಗೆ. "ಮೆಟ್ಲಲ್ಲಿ ಬಿರ್ಗಿಟ್ಟಾ ಸಿಕ್ಕಿದ್ರು ಕಣೇ. ನಾನು ಮಾತಾಡ್ಸಿದೆ. ವಿಡಿಯೋ ಈಗ ನೋಡಿರ್ಬೇಕು, ಮುಖ ತಿರುಗಿಸ್ಕೊಂಡು ಹೋದ್ರು."

ಬಿರ್ಗಿಟ್ಟಾ ಆಯುಷ್ಯವೆಲ್ಲ ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದುಡಿದವರು. ಸೆಲ್ವಿ ಮೊದಲು ಬಂದ ಚಳಿಗಾಲದಲ್ಲಿ ಬೂಟು ಕಟ್ಟುವುದರಿಂದ ಹಿಡಿದು ಭಾಷೆಯವರೆಗೆ ಎಲ್ಲವನ್ನೂ ಕಲಿಸಿದವರು ಅವರೇ.

ಸೆಲ್ವಿ ಖಾತೆ ನೋಡಿಕೊಳ್ಳುವ ಕಚೇರಿಗೆ ಫೋನು ಮಾಡಿದಳು. ಅಲ್ಲಿಯ ಹುಡುಗಿ ಸಮಾಧಾನವಾಗಿ, ಬರೆದದ್ದನ್ನು ಇಡುವುದೂ ಅಳಿಸುವುದೂ ನಿಮ್ಮಿಷ್ಟ, ನಾವು ಕೈ ಹಾಕುವುದಿಲ್ಲ ಎಂದಳಂತೆ. ಬೇಡವೆನಿಸಿದರೆ ವಾರ ಮುಗಿಯುವ ಮೊದಲೇ ಬಿಟ್ಟುಕೊಡಬಹುದು ಎಂದೂ ಹೇಳಿದಳಂತೆ.

"ನಾಳೆ ಬೆಳಿಗ್ಗೆ ವಾಪಸ್ ಕೊಟ್ಬಿಡ್ತೀನಿ ಗಿರಿಜಾ" ಎಂದಳು ಸೆಲ್ವಿ. ಸಂಜೆಯಾಗಿದ್ದರೂ ಅಲ್ಲಿ ಬಿಸಿಲಿಗೆ ಮನೆಗೆ ಹೋಗುವ ಮನಸ್ಸಿರಲಿಲ್ಲ. ಬಾಲ್ಕನಿಯಲ್ಲಿ ಕೂತಿದ್ದೆವು. "ಇಷ್ಟು ವರ್ಷ ಇವರ ಅಪ್ಪ ಅಮ್ಮಂದಿರಿಗೆ ಬೆಡ್‌ಪ್ಯಾನ್ ಇಟ್ಟಿದೀನಿ. ಆಗ ಯಾರೂ ಎಲ್ಲಿಯೋಳು ಅಂತ ಕೇಳ್ಲಿಲ್ಲ. ಬಾಯಿ ತೆಗೆದ ಕೂಡ್ಲೇ ಕೇಳ್ತಿದಾರೆ."

ನನಗೆ ಆ ಕ್ಷಣ ನೆನಪಾದದ್ದು ಕಾಗದನಗರದ ಗಣಪತಿ ಪೆಂಡಾಲು.

"ಲೇ ಸೆಲ್ವಿ, ನಿಮ್ಮಪ್ಪ ಮೈಕು ಹಿಡಿದಿದ್ದು ಜ್ಞಾಪಕ ಇದೆಯಾ?"

ನಮ್ಮಲ್ಲಿ ಗಣಪತಿ ಕೂರಿಸಿದ ದಿನಗಳಲ್ಲಿ ಸಂಜೆ ಮೈಕು ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತಿತ್ತು. ಯಾರ ಸರದಿಯೋ ಅವರು ಅಂದು ಇಡೀ ಕಾಗದನಗರದ ಪರವಾಗಿ ಸ್ವಾಗತ ಹೇಳಬೇಕು, ಆಮೇಲೆ ಹಾಡು, ಕಥೆ, ಏನಾದರೂ. ತೆಲುಗಿನವರು, ತಮಿಳಿನವರು, ನಮ್ಮಂಥವರು, ಎಲ್ಲರಿಗೂ ಸರದಿ ಉಂಟು. ಮೈಕ್‌ಸೆಟ್ಟು ರಹೀಂ ಸಾಬರದು. ಆ ವರ್ಷ ಆರುಮುಗಂ ಮಾಮನ ಸರದಿಯ ದಿನವೇ ಭದ್ರಾವತಿ ಪೇಟೆಯಿಂದ ದೊಡ್ಡ ಅತಿಥಿಗಳು ಬಂದು ಕೂತಿದ್ದರು. ಮಾಮ ಇಸ್ತ್ರಿ ಷರಟು ಹಾಕಿಕೊಂಡು ಎದ್ದು, "ಕಾಗದನಗರ ಜನ ಎಲ್ಲಾರ್ ಪರವಾಗಿ ನಿಮ್ದುಕ್ಕೆ ವಣಕ್ಕಂ, ನಮಸ್ಕಾರಂ" ಎಂದರು. ಮುಂದಿನ ಸಾಲು ಗೊಳ್ಳೆಂದಿತು. "ಕನ್ನಡ ಬರೋರು ಯಾರೂ ಇಲ್ವೇನ್ರೀ?" ಎಂದು ಯಾರೋ ಕೂಗಿದರು. ಕಮಿಟಿಯ ಒಬ್ಬ ಮೈಕಿಗೆ ಕೈ ಹಾಕಿದ.

ರಹೀಂ ಸಾಬರು ಆಂಪ್ಲಿಫೈಯರಿನ ಹಿಂದಿನಿಂದ ಎದ್ದು ಬಂದರು. "ದಿಯೇ ತೋ ದಿಯೇ!" ಎಂದರು, ಕೊಟ್ಟರೆ ಕೊಟ್ಟ ಹಾಗೇ ಎಂದು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ, "ಮೈಕು ಕೊಟ್ಟಮೇಲೆ ಕಿತ್ಕೊಳ್ಳೋದು ನಮ್ಮ ಕ್ವಾರ್ಟರ್ಸಲ್ಲಿ ಇಲ್ಲ. ಆರುಮುಗಂ ಭಾಯಿ, ನೀವು ಮಾತಾಡಿ. ಇವತ್ತು ನಿಮ್ದೇ ಕಾಗದನಗರ."

ಮಾಮ ಮಾತಾಡಿದರು. ಬೆವರೊರೆಸಿಕೊಳ್ಳುತ್ತ, ಮೂರು ಭಾಷೆ ಕಲಸಿ, ಪೂರ್ತಿ ಮಾತಾಡಿದರು. ಕೊನೆಗೆ ಚಪ್ಪಾಳೆ ಶುರು ಮಾಡಿದ್ದು ಆ ದೊಡ್ಡ ಅತಿಥಿಗಳೇ.

ಸೆಲ್ವಿ ಕಾರ್ಖಾನೆಯ ಹೊಗೆಯ ಕಡೆ ತಿರುಗಿದಳು. "ಅವತ್ತು ಮನೆಗ್ ಬಂದು ಅಪ್ಪ ಊಟ ಮಾಡ್ಲಿಲ್ಲ ಕಣೇ" ಎಂದಳು. "ಷರಟು ಬಿಚ್ಚದೆ ಹಾಗೇ ಕೂತಿದ್ರು. ಅಮ್ಮ ಯಾಕೆ ಅಂತ ಕೇಳಿದ್ದಕ್ಕೆ, ಇವತ್ತಿಂದ ನಾನು ಈ ಊರೋನು ಅಂದ್ರು."

ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ನಾನು ಊರಿಂದ ತಂದಿದ್ದ ಕೋಡುಬಳೆಯ ಡಬ್ಬಿ ಅವಳ ಕೈಯಲ್ಲಿತ್ತು.

"ಬಾ. ಕೆಳಗೆ ಹೋಗೋಣ."

ಬಿರ್ಗಿಟ್ಟಾ ಅವರ ಅಡುಗೆಮನೆ

ಬಾಗಿಲು ತೆಗೆದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾವು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಡುಗೆಮನೆಯ ಮೇಜಿಗೆ ಕೂತೆವು. ಅವರ ಮಾತನ್ನು ಸೆಲ್ವಿ ನನಗೆ ಹೇಳುತ್ತಿದ್ದಳು. ಅವಳ ಬಾಯಲ್ಲಿ ಆ ಸ್ವೀಡನ್ನಿನ ಅಜ್ಜಿ ಅಪ್ಪಟ ಭದ್ರಾವತಿ ಕನ್ನಡ ಮಾತಾಡುತ್ತಿದ್ದರು.

"ಸ್ಕೂಲಿಗೆ ಪಟ್ಟಣಕ್ಕೆ ಹೋಗ್ತಿದ್ನಲ್ಲ, ಆಗ ನನ್ನನ್ನ ಕಿಟಕಿ ಪಕ್ಕಾನೇ ಕೂರಿಸ್ತಿದ್ರು. ನನ್ನ ಕೋಟು ನಾರುತ್ತೆ ಅಂತ. ನನ್ನ ಮಗಳನ್ನೂ ಹಾಗೇ ಕೂರಿಸಿದ್ರು. ಆ ಮಾತು ಈಗ ಜಗತ್ತಿಗೆಲ್ಲ ಹೇಳ್ಬಿಟ್ಟೆ ನೀನು. ಅದೂ ದೇಶದ ಹೆಸರಲ್ಲಿ."

ಸೆಲ್ವಿ ತಲೆ ತಗ್ಗಿಸಿದಳು. "ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು ನಾನು. ಬೇಡ ಅಂದ್ರೆ ಅಳಿಸ್ತೀನಿ. ನಾಳೆ ಖಾತೆನೂ ವಾಪಸ್ ಕೊಡ್ತೀನಿ."

ಬಿರ್ಗಿಟ್ಟಾ ಕೈಯಲ್ಲಿದ್ದ ಕಾಫಿ ಕೆಟಲನ್ನು ಒಲೆಯ ಮೇಲೆ ಕುಕ್ಕಿದರು. ಏನೋ ಗಟ್ಟಿಯಾಗಿ ಅಂದು ಬೆರಳನ್ನು ನೆಲದ ಕಡೆ, ನೆಲಮಾಳಿಗೆಯ ಕಡೆ ತೋರಿಸಿದರು. ನನಗೆ ಅರ್ಥವಾಯಿತು. ಆದರೂ ಸೆಲ್ವಿ ಹೇಳಿದಳು, ಕಣ್ಣೊರೆಸಿಕೊಂಡು. "ನನಗೆ ಸಿಟ್ಟು ಬಂದಿದೆ, ಅದು ಬೇರೆ ವಿಷ್ಯ ಅಂತಾರೆ. ವಾಪಸ್ ಕೊಟ್ರೆ ಇನ್ನೂ ಸಿಟ್ಟು ಬರತ್ತಂತೆ. ವಾರ ನಿಂದು, ಯಾರೋ ಬಂದು ಹಲಗೆ ತಟ್ಟಿದ್ರೆ ಬಟ್ಟೆ ತೆಕ್ಕೊಂಡು ಓಡ್ತೀಯಾ ಅಂತ ಕೇಳ್ತಿದಾರೆ."

ಆಮೇಲೆ ಬಿರ್ಗಿಟ್ಟಾ ನನ್ನ ಕಡೆ ತಿರುಗಿದರು. ಪ್ಲಾಟ್‌ಫಾರ್ಮಿನಲ್ಲಿ ನಾನು ಅತ್ತದ್ದು ಯಾಕೆ ಎಂದು ಕೇಳಿದರು. ಅಷ್ಟು ಕೆಟ್ಟದಾಗಿತ್ತೇ ಎಂದು.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. "ಕೆಟ್ಟದಾಗಿರ್ಲಿಲ್ಲಮ್ಮ. ನಮ್ಮೂರಲ್ಲಿ ಈಗ ಆ ವಾಸನೆ ಇಲ್ಲ. ಕಾರ್ಖಾನೆ ನಿಂತೋಯ್ತು. ಕ್ವಾರ್ಟರ್ಸಲ್ಲಿ ಎಷ್ಟೋ ಮನೆಗೆ ಬೀಗ. ಗಾಳಿ ಏನೋ ಚೆನ್ನಾಗಿದೆ. ಆದ್ರೆ ಆ ಗಾಳೀಲಿ ನಮ್ಮಪ್ಪ ಇಲ್ಲ. ಡ್ಯೂಟಿ ಮುಗಿಸಿ ಬಂದು ನಮ್ಮಪ್ಪ ನನ್ನ ಎತ್ಕೊಂಡ್ರೆ ಇದೇ ವಾಸನೆ ಬರ್ತಿತ್ತು."

ಸೆಲ್ವಿ ಅದನ್ನು ಅವರ ಭಾಷೆಯಲ್ಲಿ ಹೇಳಲು ಹೊರಟು ನಡುವೆ ನಿಲ್ಲಿಸಿದಳು, ಮತ್ತೆ ಹೇಳಿದಳು. ಅವಳಪ್ಪನದೂ ಅದೇ ವಾಸನೆ ತಾನೆ.

ಬಿರ್ಗಿಟ್ಟಾ ಎದ್ದು ಹೋಗಿ ಕಿಟಕಿ ತೆರೆದರು. ಒಂದು ಸಲ ಇಲ್ಲಿಯ ಕಾರ್ಖಾನೆಯೂ ನಿಂತಿತ್ತಂತೆ. ಮುಚ್ಚುತ್ತಾರೆ ಎಂಬ ಗಾಳಿಸುದ್ದಿ ಬೇರೆ. ಆ ದಿನಗಳಲ್ಲಿ ಅವರು ದಿನಾ ಬೆಳಿಗ್ಗೆ ಹೀಗೆ ಕಿಟಕಿ ತೆರೆದು ಮೂಸುತ್ತಿದ್ದರಂತೆ, ಬಂತೇ ಬಂತೇ ಎಂದು. ಬಂದ ದಿನ ಗಂಡ ಹೆಂಡತಿ ಇಬ್ಬರೂ ಈ ಕಿಟಕಿಯಲ್ಲೇ ನಿಂತು ನಕ್ಕಿದ್ದರಂತೆ. ಗಂಡ ತೀರಿಕೊಂಡು ಆಗಲೇ ಕೆಲವು ವರ್ಷ ಆಗಿತ್ತು.

"ಇದನ್ನ ಬರೀ" ಎಂದರು ಸೆಲ್ವಿಗೆ. ಮೇಜಿನ ಮೇಲೆ ಕಪ್ಪುಗಳನ್ನು ಜೋಡಿಸಿ, ಕೋಡುಬಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆರಳಿಗೆ ಸಿಕ್ಕಿಸಿಕೊಂಡು ಕಚ್ಚಿದರು. ಖಾರಕ್ಕೆ ಮೂಗಿನಲ್ಲಿ ನೀರು ಬಂತು. ಇನ್ನೊಂದು ತೆಗೆದುಕೊಂಡರು.

ಸೆಲ್ವಿ ಹಳೆಯದನ್ನು ಅಳಿಸಲಿಲ್ಲ. ಅದರ ಕೆಳಗೇ ಹೊಸದನ್ನು ಹಾಕಿದಳು: ಕಿಟಕಿಯಲ್ಲಿ ನಾನೂ ಬಿರ್ಗಿಟ್ಟಾ ಅವರೂ ಅಕ್ಕಪಕ್ಕ ನಿಂತು ಮೂಗೆತ್ತಿ ಮೂಸುತ್ತಿರುವ ಫೋಟೋ. "ಇವರು ನನಗೆ ಈ ಭಾಷೆ ಕಲಿಸಿದವರು. ಇವಳ ಊರಿನ ಗಾಳಿ ಈಗ ಶುದ್ಧವಾಗಿದೆ, ಕಾರ್ಖಾನೆ ನಿಂತುಹೋಗಿದೆ. ಅದಕ್ಕೇ ಇವಳು ಅತ್ತದ್ದು. ನಮ್ಮೂರು ಇನ್ನೂ ನಾರುತ್ತಿದೆ. ನಮಗೆ ಹೆಮ್ಮೆಯಿದೆ."

ಬೈಯುವವರು ಬೈಯುವುದನ್ನು ನಿಲ್ಲಿಸಲಿಲ್ಲ, ಅದು ಬೇರೆ. ಆದರೆ ಎಲ್ಲೆಲ್ಲಿಯ ಕಾಗದದ ಊರುಗಳವರೋ ನಮ್ಮೂರೂ ನಾರುತ್ತದೆ, ನಮ್ಮೂರೂ ನಾರುತ್ತದೆ ಎಂದು ಮದುವೆಮನೆಗೆ ಬಂದ ನೆಂಟರ ಹಾಗೆ ಬಂದು ಸೇರಿದರು. ನಮ್ಮ ಹಳೆಯ ಕ್ವಾರ್ಟರ್ಸಿನ ಯಾರೋ ಕನ್ನಡದಲ್ಲೇ ಬರೆದಿದ್ದರು: "ಇದು ನಮ್ಮ ಗಿರಿಜಕ್ಕ ಅಲ್ವೇನ್ರೋ!" ಒಂದು ದೇಶದ ಅಧಿಕೃತ ಖಾತೆಯಲ್ಲಿ ಆ ಕನ್ನಡದ ಸಾಲು ಕಂಡಾಗ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ದುರ್ಗಿಗುಡಿಗೆ ಫೋನು ಮಾಡಿದರೆ ನಮ್ಮ ಯಜಮಾನರು, "ನೋಡ್ದೆ ನೋಡ್ದೆ. ಮೂಸೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದರು. ತಮ್ಮ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವರೇ ಆ ಫೋಟೋ ತೋರಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

ಸೆಲ್ವಿ ತನ್ನ ವಾರವನ್ನು ಪೂರ್ತಿ ಮಾಡಿದಳು. ಕೊನೆಯ ದಿನ ದೇಶವನ್ನು ಮುಂದಿನವರಿಗೆ ಒಪ್ಪಿಸಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಅದು ಅವಳ ಹೊತ್ತಾಗಿತ್ತು.

ಕಾಗದನಗರ

ಆ ವರ್ಷವೂ ಕಾಗದನಗರದಲ್ಲಿ ಗಣಪತಿ ಕೂರಿಸಿದರು. ಉಳಿದ ಕೆಲವು ಮನೆಯವರು, ಸುತ್ತಮುತ್ತ ಚದುರಿದವರು ಬಂದು ಸೇರಿದ್ದರು. ಶಿವಮೊಗ್ಗದಿಂದ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಮೈಕ್‌ಸೆಟ್ಟು ಈಗ ರಹೀಂ ಸಾಬರ ಅಳಿಯನದು. ಸಾಬರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಸಂಜೆಯ ಸರದಿಯನ್ನು ಆರುಮುಗಂ ಮಾಮನ ಮನೆಯ ಹೆಸರಿನಲ್ಲಿ ಕೇಳಿ ತೆಗೆದುಕೊಂಡೆ. ಸೆಲ್ವಿಗೆ ಫೋನು ಹಚ್ಚಿ ಮೈಕಿಗೆ ಹಿಡಿದೆ. ಸೆಲ್ವಿ ಎಲ್ಲರಿಗೂ ನಮಸ್ಕಾರ ಹೇಳಿ, ಅಲ್ಲಿ ತನ್ನ ಪಕ್ಕದಲ್ಲಿದ್ದವರಿಗೆ ಫೋನು ಕೊಟ್ಟಳು.

ಬಿರ್ಗಿಟ್ಟಾ ಸ್ವೀಡಿಷ್ ಭಾಷೆಯಲ್ಲಿ ಮಾತಾಡತೊಡಗಿದರು. ಬಹಳ ಹೊತ್ತು ಮಾತಾಡಿದರು. ಮುಂದಿನ ಸಾಲಿನಲ್ಲಿ ಕಿಸಿಕಿಸಿ ನಗು ಶುರುವಾಯಿತು. ಕಮಿಟಿಯ ಒಬ್ಬರು ಬಗ್ಗಿ, "ಅಕ್ಕಾ, ಯಾರಿಗೂ ಅರ್ಥ ಆಗ್ತಿಲ್ಲ. ಹಾಡು ಹಾಕಿಸ್ಲಾ?" ಎಂದು ಮೈಕಿನ ಕಡೆ ಕೈ ಚಾಚಿದರು.

ರಹೀಂ ಸಾಬರು ಕೂತಲ್ಲಿಂದಲೇ ಕೋಲನ್ನು ಅಡ್ಡ ಹಿಡಿದರು.

ಬಿರ್ಗಿಟ್ಟಾ ಪೂರ್ತಿ ಮಾತಾಡಿ ಮುಗಿಸಿದರು. ಆಮೇಲೆ ಚಪ್ಪಾಳೆ ತಟ್ಟಿದೆವು.